ಬಿಳಿಚಿದ ಮುಖ ಪ್ರೇಮದ್ದೋ, ರಕ್ತದ್ದೋ?

ಪ್ರಶ್ನೆ: ನನಗೆ 26 ವರ್ಷ. ಎರಡು ವರ್ಷದ ಹಿಂದೆ ಪ್ರೀತಿಸಿದವನಿಂದ ದೂರವಾದೆ. ಅಲ್ಲಿಂದಾಚೆ ಸುಸ್ತು, ನಿದ್ದೆ ಇಲ್ಲ, ಮುಖ ಬಿಳಿಚಿಕೊಂಡಿತು, ತಿಂದದ್ದು ಗಂಟಲಲ್ಲೇ ನಿಂತಹಾಗೆ ಆಗುತ್ತಿತ್ತು. ಪ್ರೀತಿಯ ಹುಚ್ಚು, ತಾನಾಗಿ ಬಿಡುತ್ತದೆ ಎಂದರು ಎಲ್ಲರೂ. ನಾನೂ ಹಾಗೇ ನಂಬಿದೆ. ಕವಿತೆ ಓದುವವಳು, ವಿರಹ ಅಂದರೆ ಹೀಗೇ ಇರುತ್ತದೆ ಎಂದುಕೊಂಡು ಹೆಚ್ಚುಕಡಿಮೆ ದಿನಾ ಬರೆಯುತ್ತಿದ್ದೆ. ಕಳೆದ ತಿಂಗಳು ಒಂದು ಬೆಳಗ್ಗೆ ಮೂತ್ರ ಕಡುಗೆಂಪಾಗಿ ಹೋಯಿತು. ಪರೀಕ್ಷೆಯಲ್ಲಿ ಪಿಎನ್‌ಎಚ್ ಎಂಬ ಅಪರೂಪದ ರಕ್ತದ ಕಾಯಿಲೆ ಎಂದು ಬಂತು. ಆ ಕೊರಗಿನಿಂದಲೇ ಇದು ಬಂತೇ? ಕವಿಗಳು ನನ್ನ ರೋಗಲಕ್ಷಣಗಳನ್ನೇ ಹೇಗೆ ಬರೆದರು? ಇನ್ನೂ ಒಂದು. ಔಷಧ ಶುರುವಾದರೆ ಅವನ ಯೋಚನೆಯೂ ಹೋಗಿಬಿಡುತ್ತದೆಯೇ? ನಾನು ಬರೆದದ್ದೆಲ್ಲ ಬರೀ ಕಾಯಿಲೆಯ ಲಕ್ಷಣವಾಗಿದ್ದರೆ ಆ ನೋಟ್‌ಬುಕ್ಕುಗಳನ್ನು ಸುಟ್ಟುಬಿಡೋಣ ಅನಿಸುತ್ತಿದೆ.

ಉತ್ತರ: ಸುಡಬೇಡಿ. ಯಾಕೆ ಅಂತ ಕೊನೆಗೆ ಹೇಳುತ್ತೇನೆ, ಅದಕ್ಕೆ ವೈದ್ಯಕೀಯ ಕಾರಣವೇ ಇದೆ.

ಮೊದಲ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳೋಣ. ಆ ಭಾರವನ್ನು ಹೊತ್ತುಕೊಂಡೇ ಬಾಕಿ ಎರಡನ್ನೂ ನೀವು ಕೇಳಿದ್ದೀರಿ ಅನಿಸಿತು. ಇಲ್ಲ, ಕೊರಗಿನಿಂದ ಪಿಎನ್‌ಎಚ್ ಬರುವುದಿಲ್ಲ. ನೀವು ಅವನನ್ನು ಬೇಗ ಮರೆತಿದ್ದರೂ ಇದು ಬರುತ್ತಿತ್ತು. ಅವನು ನಿಮ್ಮ ಜೊತೆಗೇ ಇದ್ದಿದ್ದರೂ ಬರುತ್ತಿತ್ತು.

ಆಗುವುದು ಇಷ್ಟು. ಮೂಳೆಯೊಳಗಿನ ಮಜ್ಜೆಯಲ್ಲಿ ರಕ್ತದ ತಾಯಿಕೋಶಗಳಿವೆ. ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪುಕಣಗಳು ಅಲ್ಲಿಂದ ಹೊರಬರುತ್ತವೆ. ಅಷ್ಟೊಂದು ನಕಲು ತೆಗೆಯುವ ಜಾಗದಲ್ಲಿ ಎಲ್ಲೋ ಒಮ್ಮೆ ಒಂದು ಅಕ್ಷರ ತಪ್ಪುತ್ತದೆ. ನಿಮ್ಮ ಒಂದು ತಾಯಿಕೋಶದಲ್ಲಿ ಪಿಗ್-ಎ ಎಂಬ ಜೀನ್‌ನಲ್ಲಿ ಹಾಗೆ ತಪ್ಪಾಗಿದೆ. ಆ ಜೀನ್‌ನ ಕೆಲಸ ಒಂದು ಬಗೆಯ ಲಂಗರು ಮಾಡಿಕೊಡುವುದು. ಕಣದ ಮೈಮೇಲೆ ಕೆಲವು ಪ್ರೋಟೀನುಗಳು ಆ ಲಂಗರು ಹಿಡಿದುಕೊಂಡೇ ನಿಲ್ಲುತ್ತವೆ. ಲಂಗರಿಲ್ಲದಿದ್ದರೆ ಅವೂ ಇಲ್ಲ. ಅವುಗಳಲ್ಲಿ ಎರಡು, ಸಿಡಿ55 ಮತ್ತು ಸಿಡಿ59, ಕೆಂಪುಕಣಕ್ಕೆ ಕಾವಲುಗಾರರು. ನಮ್ಮ ರಕ್ತದಲ್ಲಿ ಕಾಂಪ್ಲಿಮೆಂಟ್ ಎಂಬ ರಕ್ಷಣಾ ವ್ಯವಸ್ಥೆ ಹಗಲೂ ರಾತ್ರಿ ಬ್ಯಾಕ್ಟೀರಿಯಾ ಹುಡುಕಿ ತೂತು ಕೊರೆಯುತ್ತಿರುತ್ತದೆ. 'ಇವನು ನಮ್ಮವನು, ಬಿಡು' ಎಂದು ಅದಕ್ಕೆ ಮುಖ್ಯವಾಗಿ ಹೇಳುವವರು ಈ ಇಬ್ಬರು. ಇವರಿಲ್ಲದ ಕಣಕ್ಕೂ ಅದು ತೂತು ಕೊರೆಯುತ್ತದೆ. ಸಾಮಾನ್ಯವಾಗಿ 120 ದಿನ ಬದುಕುವ ಕೆಂಪುಕಣ ಕೆಲವೇ ದಿನಗಳಲ್ಲಿ ಒಡೆದುಹೋಗುತ್ತದೆ.

ಇದು ಹುಟ್ಟಿನಿಂದ ಬಂದದ್ದಲ್ಲ, ಅಪ್ಪ ಅಮ್ಮನಿಂದ ಬಂದದ್ದಲ್ಲ, ಮಕ್ಕಳಿಗೂ ಹೋಗುವುದಿಲ್ಲ. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬಿಬ್ಬರಿಗೆ ಹೊಸದಾಗಿ ಕಾಣಿಸಿಕೊಳ್ಳುವಂಥದ್ದು. ನಿಮ್ಮ ಸುತ್ತಲಿನವರು ಇದನ್ನು ಊಹಿಸಲಿಲ್ಲ ಎಂದು ಅವರ ಮೇಲೆ ಕೋಪ ಬೇಡ. ಆದರೆ ಎರಡು ವರ್ಷದಲ್ಲಿ ಒಬ್ಬರೂ ಒಂದು ಸಾದಾ ರಕ್ತಪರೀಕ್ಷೆ ಮಾಡಿಸಲಿಲ್ಲವಲ್ಲ, ಅದಕ್ಕೆ ನನಗೆ ಬೇಸರವಿದೆ. ಮುಖ ಬಿಳಿಚಿದ ಗಂಡಸು ಬಂದು ಕೂತರೆ ರಕ್ತ ಎಲ್ಲಿ ಸೋರುತ್ತಿದೆ ಎಂದು ಹುಡುಕುತ್ತಾರೆ. ಹುಡುಗಿ ಬಂದು ಕೂತರೆ ಮನಸ್ಸಿನಲ್ಲಿ ಏನಿದೆ ಎಂದು ಕೇಳುತ್ತಾರೆ.

ಇನ್ನು ನಿಮ್ಮ ಗಂಟಲು. ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಆ ಸಾಲು. ಕೆಂಪುಕಣ ರಕ್ತನಾಳದೊಳಗೇ ಒಡೆದಾಗ ಹಿಮೋಗ್ಲೋಬಿನ್ ಹೊರಗೆ ಚೆಲ್ಲುತ್ತದೆ. ಹಾಗೆ ಚೆಲ್ಲಿದ ಹಿಮೋಗ್ಲೋಬಿನ್ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಹೀರಿಕೊಳ್ಳುತ್ತದೆ. ನಮ್ಮ ಅನ್ನನಾಳ, ಕರುಳು, ರಕ್ತನಾಳಗಳ ಸ್ನಾಯು ಸಡಿಲವಾಗಿರಬೇಕಾದರೆ ಆ ಅನಿಲ ಬೇಕು. ಅದು ಕಮ್ಮಿಯಾದರೆ ಅನ್ನನಾಳ ಬಿಗಿಹಿಡಿಯುತ್ತದೆ. ನುಂಗಿದ್ದು ಇಳಿಯುವುದಿಲ್ಲ, ಎದೆಯ ನಡುವೆ ನೋವು, ಹೊಟ್ಟೆ ಹಿಂಡಿದಂತೆ. 'ದುಃಖ ಗಂಟಲು ಕಟ್ಟಿತು' ಎಂದು ನೀವು ಬರೆದಿರಬಹುದು. ಕಟ್ಟಿದ್ದಂತೂ ನಿಜ. ದುಃಖವೂ ಒಂದಿಷ್ಟು ಕಟ್ಟಿರಬಹುದು, ಆದರೆ ನಿಮ್ಮ ಕಾಯಿಲೆಗೆ ಅದನ್ನು ಕಟ್ಟಲು ಬೇರೆ ಯಾರ ಸಹಾಯವೂ ಬೇಕಿರಲಿಲ್ಲ.

ಈ ಕಾಯಿಲೆಯ ಪೂರ್ತಿ ಹೆಸರಿನಲ್ಲೇ ರಾತ್ರಿ ಇದೆ: ಪ್ಯಾರಾಕ್ಸಿಸ್ಮಲ್ ನಾಕ್ಟರ್ನಲ್ ಹಿಮೋಗ್ಲೋಬಿನೂರಿಯ, ಅಂದರೆ ರಾತ್ರಿ ಹೊತ್ತು ಆಗಾಗ ಎರಗುವ, ಮೂತ್ರದಲ್ಲಿ ಹಿಮೋಗ್ಲೋಬಿನ್ ಹೋಗುವ ರೋಗ. 1882ರಲ್ಲಿ ಪೌಲ್ ಸ್ಟ್ರೂಬಿಂಗ್ ಎಂಬ ಜರ್ಮನ್ ವೈದ್ಯ ಗಾಡಿ ಮಾಡುವ ಒಬ್ಬ ಯುವಕನಲ್ಲಿ ಇದನ್ನು ಗಮನವಿಟ್ಟು ನೋಡಿ ಬರೆದ. ನಿದ್ದೆಯಲ್ಲಿ ಉಸಿರು ನಿಧಾನವಾಗಿ ರಕ್ತ ಸ್ವಲ್ಪ ಆಮ್ಲೀಯವಾಗುತ್ತದೆ, ಅದಕ್ಕೇ ಕಣಗಳು ರಾತ್ರಿ ಒಡೆಯುತ್ತವೆ ಎಂದು ಅವನ ಲೆಕ್ಕ. ಕಣಗಳು ಒಡೆಯುವುದು ಇಡೀ ದಿನ ಎಂದು ಈಗ ಗೊತ್ತಿದೆ. ರಾತ್ರಿಯಿಡೀ ನಿಂತ ಮೂತ್ರ ಗಟ್ಟಿಯಾಗಿರುವುದರಿಂದ ಬೆಳಗಿನ ಹೊತ್ತು ಬಣ್ಣ ಕಣ್ಣಿಗೆ ಬೀಳುತ್ತದೆ, ಅಷ್ಟೇ. ಆದರೂ ಹೆಸರು ಹಾಗೇ ಉಳಿದಿದೆ. ವಿರಹಿಗಳ ಲೋಕದಲ್ಲಿ ರಾತ್ರಿಗಿರುವ ಜಾಗ ಗೊತ್ತಿರುವ ನಿಮಗೆ ಆ ಹೆಸರು ಕೇಳಿ ಏನನಿಸಿರಬಹುದು ಎಂದು ನಾನು ಊಹಿಸಬಲ್ಲೆ.

ಈಗ ಕವಿಗಳ ವಿಷಯ. ನನಗೆ ತುಂಬ ಇಷ್ಟದ ವಿಷಯ, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ನಮ್ಮ ಅಲಂಕಾರಶಾಸ್ತ್ರದವರು ವಿರಹಕ್ಕೆ ಹತ್ತು ಅವಸ್ಥೆಗಳನ್ನು ಹೇಳುತ್ತಾರೆ. ಅಭಿಲಾಷೆಯಿಂದ ಶುರು. ಆಮೇಲೆ ಚಿಂತೆ, ಸ್ಮೃತಿ, ಗುಣಕೀರ್ತನ, ಉದ್ವೇಗ, ಪ್ರಲಾಪ, ಉನ್ಮಾದ, ವ್ಯಾಧಿ, ಜಡತೆ, ಕೊನೆಗೆ ಮರಣ. ಎಂಟನೆಯದನ್ನು ನೋಡಿ, ವ್ಯಾಧಿ. 14ನೇ ಶತಮಾನದ ವಿಶ್ವನಾಥ ಸಾಹಿತ್ಯದರ್ಪಣದಲ್ಲಿ ಅದಕ್ಕೆ ಕೊಡುವ ಲಕ್ಷಣ ಮೂರು: ದೀರ್ಘವಾದ ನಿಟ್ಟುಸಿರು, ಪಾಂಡುತೆ, ಕೃಶತೆ. ಉದ್ದುಸಿರು, ಬಿಳಿಚಿಕೊಳ್ಳುವುದು, ಸೊರಗುವುದು. ಇದೇ ಮೂರನ್ನು ಯಾವುದಾದರೂ ಆಸ್ಪತ್ರೆಯ ಹೊರರೋಗಿ ಚೀಟಿಯಲ್ಲಿ ಬರೆದು ಕೊಟ್ಟರೆ ಮೊದಲ ವರ್ಷದ ಹೌಸ್ ಸರ್ಜನ್ ಕೂಡ ಹಿಮೋಗ್ಲೋಬಿನ್ ನೋಡಿ ಅನ್ನುತ್ತಾನೆ. ಆ ಪಾಂಡು ಎಂಬ ಮಾತೇ ಎರಡು ಮನೆಯದ್ದು ಅಲ್ವಾ? ಕಾವ್ಯದಲ್ಲಿ ಪಾಂಡುತೆ ಪ್ರೇಮದ ಬಣ್ಣ. ವೈದ್ಯದಲ್ಲಿ ಪಾಂಡು ಒಂದು ರೋಗ. ಚರಕ ಸಂಹಿತೆಯ ಚಿಕಿತ್ಸಾಸ್ಥಾನದ 16ನೇ ಅಧ್ಯಾಯ ಪೂರ್ತಿ ಅದರದ್ದೇ. ಐದು ಬಗೆಯ ಪಾಂಡುರೋಗ ಹೇಳುತ್ತಾನೆ, ಐದನೆಯದು ಮಣ್ಣು ತಿನ್ನುವುದರಿಂದ ಬರುವಂಥದ್ದು. ಕಬ್ಬಿಣದ ಕೊರತೆ ಇರುವವರಿಗೆ ಮಣ್ಣು ತಿನ್ನುವ ಆಸೆ ಹುಟ್ಟುವುದನ್ನು ನಾವು ಇಂದಿಗೂ ನೋಡುತ್ತೇವೆ. ಮದ್ದಿನಲ್ಲಿ ಲೋಹದ ಪುಡಿಯೂ ಇದೆ. ಅಷ್ಟೆಲ್ಲ ಸೂಕ್ಷ್ಮವಾಗಿ ನೋಡಿದವನು ಕಾರಣಗಳ ಪಟ್ಟಿಯಲ್ಲಿ ಒಂದು ಮಾತು ಸೇರಿಸುತ್ತಾನೆ: ಕಾಮ, ಚಿಂತೆ, ಭಯ, ಕ್ರೋಧ, ಶೋಕಗಳಿಂದ ಮನಸ್ಸು ಪೆಟ್ಟು ತಿಂದವರು. ಅಂದರೆ ಪ್ರೇಮ ಅಷ್ಟು ಹಿಂದೆಯೇ ರಕ್ತಹೀನತೆಯ ಕಾರಣಗಳಲ್ಲಿ ಹೆಸರು ಬರೆಸಿಕೊಂಡಿತ್ತು.

ತಮಿಳಿನಲ್ಲಿ ಇದಕ್ಕೆ ಪಸಲೈ ಎಂಬ ಬೇರೆಯೇ ಹೆಸರಿದೆ. ನಲ್ಲ ದೂರವಾದಾಗ ಹೆಣ್ಣಿನ ಮೈಮೇಲೆ ಹರಡುವ ಬಿಳಿಚು ಬಣ್ಣ. ತಿರುಕ್ಕುರಳ್‌ನ 119ನೇ ಅಧ್ಯಾಯದ ಹತ್ತೂ ಕುರಳ್‌ಗಳು ಅದೊಂದರ ಮೇಲೇ ಇವೆ. ಒಂದರಲ್ಲಿ ಆಕೆ ಹೇಳುತ್ತಾಳೆ: ಅಪ್ಪಿ ಮಲಗಿದ್ದೆ, ಸ್ವಲ್ಪ ಆಚೆ ಹೊರಳಿದೆ, ಅಷ್ಟರಲ್ಲೇ ಬಿಳಿಚು ನನ್ನನ್ನು ಬಾಚಿಕೊಂಡಿತು. ಆ ಸಾಲು ಓದಿದಾಗೆಲ್ಲ ನನಗೆ ಮೈ ಜುಂ ಅನ್ನುತ್ತದೆ. ಆದರೆ ರಕ್ತದ ವೈದ್ಯನಾಗಿ ಹೇಳಬೇಕಾದ್ದು ಹೇಳುತ್ತೇನೆ. ಅಷ್ಟು ಬೇಗ ಬರುವ ಬಿಳಿಚು ಚರ್ಮದ ರಕ್ತನಾಳ ಕುಗ್ಗಿದ್ದರಿಂದ ಬಂದದ್ದು. ಹೆದರಿದಾಗ, ಬೆಚ್ಚಿದಾಗ ನಮಗೆಲ್ಲ ಆಗುತ್ತದೆ, ನಿಮಿಷಗಳಲ್ಲಿ ಹೋಗುತ್ತದೆ. ಕೆಳಗಿನ ಕಣ್ಣುರೆಪ್ಪೆ ಎಳೆದು ನೋಡಿದರೆ ಒಳಗೆ ಸಾಮಾನ್ಯವಾಗಿ ಕೆಂಪಗೇ ಇರುತ್ತದೆ. ತಿಂಗಳುಗಟ್ಟಲೆ ಉಳಿಯುವ ಬಿಳಿಚು, ರೆಪ್ಪೆಯ ಒಳಗೂ ನಾಲಗೆಯ ಮೇಲೂ ಅಂಗೈ ಗೆರೆಗಳಲ್ಲೂ ಕಾಣುವ ಬಿಳಿಚು, ಅದು ಬೇರೆ.

ಪಶ್ಚಿಮದಲ್ಲಿ ಈ ಕೊಡುಕೊಳ್ಳುವಿಕೆ ಇನ್ನೂ ಸ್ಪಷ್ಟವಾಗಿ ಸಿಗುತ್ತದೆ. ಗ್ರೀಸಿನ ಸ್ಯಾಫೋ ಸುಮಾರು 2600 ವರ್ಷದ ಹಿಂದೆ ಒಂದು ಕವಿತೆಯಲ್ಲಿ ಪ್ರೇಮ ಮೈಗೆ ಏನು ಮಾಡುತ್ತದೆ ಎಂದು ಬರೆದಳು. ನಾಲಗೆ ಮುರಿಯುತ್ತದೆ, ಚರ್ಮದಡಿ ಬೆಂಕಿ ಓಡುತ್ತದೆ, ಕಣ್ಣು ಕಾಣುವುದಿಲ್ಲ, ಕಿವಿಯಲ್ಲಿ ಮೊರೆತ, ಬೆವರು, ನಡುಕ, ಹುಲ್ಲಿಗಿಂತ ಹಸಿರಾಗುತ್ತೇನೆ, ಇನ್ನೇನು ಸತ್ತೇ ಅನ್ನುವಂತೆ. ಹಿಮೋಗ್ಲೋಬಿನ್ ತುಂಬ ಇಳಿದವರು ಇದರಲ್ಲಿ ಅರ್ಧವನ್ನು ನನ್ನ ಮುಂದೆ ಕೂತು ಹೇಳುತ್ತಾರೆ. ಕಣ್ಣು ಕತ್ತಲೆ ಬರುವುದು, ಕಿವಿಯಲ್ಲಿ ಗುಂಯ್ ಅನ್ನುವುದು, ಎದೆ ಹೊಡೆದುಕೊಳ್ಳುವುದು.

ಇನ್ನೊಂದು ಕತೆ ಕೇಳಿ. ಕ್ರಿಸ್ತಪೂರ್ವ ಮೂರನೇ ಶತಮಾನದ ವೈದ್ಯ ಎರಾಸಿಸ್ಟ್ರಾಟಸ್. ರಾಜಕುಮಾರ ಆಂಟಿಯೋಕಸ್ ಕಾರಣವಿಲ್ಲದೆ ಹಾಸಿಗೆ ಹಿಡಿದಿದ್ದ. ಕೋಣೆಗೆ ಯಾರ್ಯಾರು ಬಂದಾಗ ಇವನಿಗೆ ಏನಾಗುತ್ತದೆ ಎಂದು ವೈದ್ಯ ನೋಡುತ್ತ ಕೂತ. ತಂದೆಯ ಎಳೆಯ ಹೆಂಡತಿ ಸ್ಟ್ರಾಟೊನೀಸೆ ಒಳಗೆ ಬಂದಾಗ ಮಾತ್ರ ನಾಡಿ ಎದ್ದುಬಿದ್ದು ಓಡಿತು, ಮಾತು ತೊದಲಿತು, ಬೆವರಿತು. ರೋಗ ಪತ್ತೆಯಾಯಿತು. ಈ ಕತೆಯನ್ನು ಬರೆದಿಟ್ಟ ಗ್ರೀಕ್ ಲೇಖಕ ಪ್ಲುಟಾರ್ಕ್ ಒಂದು ಮಾತು ಹೇಳುತ್ತಾನೆ, ಸ್ಯಾಫೋ ಹಾಡಿದ ಲಕ್ಷಣಗಳೆಲ್ಲ ಅವನಲ್ಲಿದ್ದವು ಎಂದು. ನೋಡಿದಿರಾ? ವೈದ್ಯ ರೋಗಿಯನ್ನು ಪರೀಕ್ಷಿಸುವ ಕತೆಗೆ ಅಳತೆಗೋಲು ಒಂದು ಕವಿತೆ. ಯಾರು ಯಾರಿಂದ ಕಲಿತರು ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉತ್ತರ ಸಿಕ್ಕಿಲ್ಲ. ಕವಿಗಳು ಸುತ್ತಲಿನ ಮೈಗಳನ್ನು ನೋಡಿ ಬರೆದರು, ಅದರಲ್ಲಿ ಎಷ್ಟೋ ಮೈಗಳಲ್ಲಿ ರಕ್ತ ಕಮ್ಮಿಯೇ ಇದ್ದಿರಬೇಕು ಎಂದು ನನ್ನ ಅಂದಾಜು. ಮುಟ್ಟು, ಹೆರಿಗೆ, ಅರೆಹೊಟ್ಟೆ, ಕರುಳಿನ ಹುಳ, ಮಲೇರಿಯ, ಇಷ್ಟರ ನಡುವೆ ಬದುಕಿದ ಹೆಣ್ಣುಮಕ್ಕಳು ಬಿಳಿಚಿಕೊಂಡಿದ್ದರಲ್ಲಿ ಆಶ್ಚರ್ಯವೇನು? ಆಮೇಲೆ ವೈದ್ಯರು ಆ ಕವಿತೆಗಳನ್ನು ಓದಿಕೊಂಡು ರೋಗಿಯ ಮುಂದೆ ಕೂತರು.

ಕೂತು ತಪ್ಪು ಮಾಡಿದರು. 1554ರಲ್ಲಿ ಯೋಹಾನೆಸ್ ಲಾಂಗೆ ಎಂಬ ಜರ್ಮನ್ ವೈದ್ಯ ಒಂದು ಪತ್ರ ಬರೆದ. ಬಿಳಿಚಿದ, ಮೆಟ್ಟಿಲೇರಿದರೆ ಏದುಸಿರು ಬಿಡುವ, ಊಟ ಸೇರದ ಎಳೆಯ ಹುಡುಗಿಯೊಬ್ಬಳ ವಿಷಯ. ಇದು ಕನ್ಯೆಯರ ರೋಗ ಎಂದ. ಮದ್ದೇನು? ಮದುವೆ ಮಾಡಿ ಎಂದ. ಆಮೇಲೆ ಆ ಕಾಯಿಲೆಗೆ ಕ್ಲೋರೋಸಿಸ್ ಎಂಬ ಹೆಸರು ಬಂತು, ಅಂದರೆ ಹಸಿರುರೋಗ. ಸ್ಯಾಫೋ ತನ್ನ ಬಣ್ಣಕ್ಕೆ ಬಳಸಿದ ಗ್ರೀಕ್ ಪದದ ಬೇರೇ ಈ ಹೆಸರಿನಲ್ಲೂ ಇದೆ. ಪ್ರೇಮಜ್ವರ ಎಂದೂ ಕರೆದರು. 1681ರಲ್ಲಿ ಇಂಗ್ಲೆಂಡಿನ ಸಿಡೆನ್‌ಹ್ಯಾಮ್ ಇದಕ್ಕೆ ಕಬ್ಬಿಣ ಕೊಟ್ಟು, ಬಿಳಿಚಿದ ಮುಖಕ್ಕೆ ಕೆಂಪು ಮರಳುತ್ತದೆ ಎಂದು ಬರೆದ. ಆದರೆ ರೋಗವನ್ನು ಮಾತ್ರ ಹಿಸ್ಟೀರಿಯದ ಗುಂಪಿನಲ್ಲೇ ಬಿಟ್ಟ. 1832ರ ಹೊತ್ತಿಗೆ ಫ್ರಾನ್ಸಿನ ಬ್ಲೋ ಕಬ್ಬಿಣದ ಮಾತ್ರೆ ತಂದ. ಅದು ಕೆಲಸ ಮಾಡಿತು, ಜನ ಅದನ್ನು ದಶಕಗಟ್ಟಲೆ ನುಂಗಿದರು. ಅಷ್ಟಾದರೂ ಹುಡುಗಿ ಬಿಳಿಚಿಕೊಂಡರೆ ಯಾರ ಮೇಲೋ ಮನಸ್ಸಿದೆ ಎನ್ನುವ ಮಾತು ಹೋಗಲಿಲ್ಲ. ನಿಮಗೆ ಎರಡು ವರ್ಷ ಹೇಳಿದರಲ್ಲ, ಅದೇ ಮಾತು.

ನನ್ನ ಕಲಿಕೆಯ ದಿನಗಳದ್ದೊಂದು ಹೇಳಬೇಕು. ಒಬ್ಬ ಹುಡುಗಿಗೆ ಪದೇಪದೇ ಭಯಂಕರ ಹೊಟ್ಟೆನೋವು, ವಾಂತಿ, ನಿದ್ದೆಯಿಲ್ಲ, ಮಾತು ಅಸ್ತವ್ಯಸ್ತ, ಯಾರೋ ಕರೆಯುತ್ತಿದ್ದಾರೆ ಎಂದು ಎದ್ದು ಹೋಗುವುದು. ನಿಶ್ಚಿತಾರ್ಥ ಮುರಿದಿತ್ತು. ಹಿರಿಯ ವೈದ್ಯರೊಬ್ಬರು ಚೀಟಿಯ ಮೇಲೆ 'ಮಾನಸಿಕ' ಎಂದು ಬರೆದು ಮುಗಿಸಿದ್ದರು. ಮೂತ್ರದ ಬಾಟಲಿ ಕಿಟಕಿಯ ಹತ್ತಿರ ಮರೆತುಹೋಗಿತ್ತು, ಮಾರನೇ ದಿನ ಅದು ಕೆಂಪುಗಪ್ಪಾಗಿ ನಿಂತಿತ್ತು. ನೋಡಿದವರು ಒಬ್ಬ ನರ್ಸ್. ಅವರು ಅದನ್ನು ಎತ್ತಿಕೊಂಡು ಬಂದು ತೋರಿಸದಿದ್ದರೆ ನಾವು ಅವಳನ್ನು ಮನೆಗೆ ಕಳಿಸುತ್ತಿದ್ದೆವು. ಅದು ಅಕ್ಯೂಟ್ ಇಂಟರ್‌ಮಿಟೆಂಟ್ ಪೋರ್ಫೈರಿಯ. ಹಿಮೋಗ್ಲೋಬಿನ್‌ನ ನಡುವೆ ಇರುವ ಹೀಮ್ ಎಂಬ ವಸ್ತು ತಯಾರಾಗುವಾಗ ದಾರಿ ಮಧ್ಯೆ ಸಿಕ್ಕಿಹಾಕಿಕೊಂಡು, ಕಚ್ಚಾ ಸಾಮಗ್ರಿ ಮೈಯಲ್ಲಿ ತುಂಬಿ ನರಗಳನ್ನು ಕೆಡಿಸುವ ಕಾಯಿಲೆ. ಜಾಸ್ತಿ ಎಳೆವಯಸ್ಸಿನ ಹೆಂಗಸರಲ್ಲೇ, ಎಷ್ಟೋ ಸಲ ಮುಟ್ಟಿಗೆ ಮುಂಚಿನ ದಿನಗಳಲ್ಲಿ ಕೆರಳುತ್ತದೆ. ಅಲಂಕಾರಶಾಸ್ತ್ರದ ಪ್ರಲಾಪ, ಉನ್ಮಾದಗಳನ್ನು ಅವಳಲ್ಲಿ ನಾನು ಕಣ್ಣಾರೆ ನೋಡಿದೆ. ಇಲ್ಲಿ ಕೊರಗಿಗೂ ಒಂದು ಪಾತ್ರ ಇದೆ, ಅದನ್ನು ಮುಚ್ಚಿಡುವುದಿಲ್ಲ. ಊಟ ಬಿಟ್ಟರೆ ಈ ಕಾಯಿಲೆ ಕೆರಳುತ್ತದೆ. ಹುಟ್ಟಿನಿಂದ ಜೀನ್‌ನಲ್ಲಿ ಸುಮ್ಮನೆ ಮಲಗಿದ್ದದ್ದು ಉಪವಾಸದಿಂದ ಎದ್ದು ಕೂರುತ್ತದೆ. ಮೂತ್ರದಲ್ಲಿ ಪೋರ್ಫೋಬಿಲಿನೋಜನ್ ಎಂಬ ಆ ಕಚ್ಚಾ ಸಾಮಗ್ರಿಯನ್ನು ನೋಡುವ ಒಂದೇ ಪರೀಕ್ಷೆ ಸಾಕು, ಯಾರಾದರೂ ಅದನ್ನು ಬರೆಯಬೇಕು ಅಷ್ಟೇ.

ವಿರಹಿಣಿಗೆ ತಂಗಾಳಿ ಚುಚ್ಚುತ್ತದೆ, ಬೆಳದಿಂಗಳು ಸುಡುತ್ತದೆ, ಗಂಧ ಹಚ್ಚಿದರೆ ಉರಿಯುತ್ತದೆ ಅನ್ನುತ್ತಾರಲ್ಲ. ಓದುವಾಗ ನನ್ನ ರೋಗಿಗಳ ಮುಖ ನೆನಪಾಗುತ್ತದೆ. ಕೋಲ್ಡ್ ಅಗ್ಲುಟಿನಿನ್ ಕಾಯಿಲೆ ಇರುವವರಿಗೆ ತಣ್ಣನೆ ಗಾಳಿ ತಾಕಿದರೆ ಬೆರಳ ತುದಿ, ಕಿವಿ, ಮೂಗು ನೀಲಿಯಾಗುತ್ತವೆ. ಮೈಬಿಸಿಗಿಂತ ತಂಪಿನಲ್ಲಿ ಒಂದು ಪ್ರತಿಕಾಯ ಎದ್ದು ಕೆಂಪುಕಣಗಳನ್ನು ಒಂದಕ್ಕೊಂದು ಅಂಟಿಸುತ್ತದೆ, ಆಮೇಲೆ ಅವು ಒಡೆಯುತ್ತವೆ. ಪಾಲಿಸೈಥೀಮಿಯ ವೆರಾದಲ್ಲಿ ಉಲ್ಟಾ, ರಕ್ತ ಜಾಸ್ತಿಯಾಗಿ ಮುಖ ಕೆಂಪೇರುತ್ತದೆ, ಸ್ನಾನ ಮಾಡಿ ಬಂದರೆ ಮೈಯೆಲ್ಲ ತಡೆಯಲಾಗದ ತುರಿಕೆ, ಕೆಲವರಿಗೆ ಅಂಗೈ ಅಂಗಾಲು ಕೆಂಡದಂತೆ ಉರಿ. ಆ ಉರಿ ಎಷ್ಟೋ ಸಲ ಸಣ್ಣ ಪ್ರಮಾಣದ ಆಸ್ಪಿರಿನ್‌ಗೆ ಇಳಿಯುತ್ತದೆ. ನೀರು ತಾಕಿದರೆ ಉರಿ ಎಂದು ಹೇಳಿಕೊಂಡರೆ ಮನೆಯವರು ನಂಬುವುದಿಲ್ಲ. ಕವಿತೆಯಲ್ಲಾದರೆ ತಲೆದೂಗುತ್ತಾರೆ.

ಹಾಗಂತ ವಿರಹಿಣಿಯರಿಗೆಲ್ಲ ರಕ್ತದ ಕಾಯಿಲೆ ಇತ್ತು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಕವಿತೆಗೆ ಅನ್ಯಾಯ. ಪ್ರೇಮ ಮೈಯಲ್ಲಿ ಕಾಣಿಸುತ್ತದೆ, ಖಂಡಿತ ಕಾಣಿಸುತ್ತದೆ. ನಾಡಿಯಲ್ಲಿ ಕಾಣುತ್ತದೆ, ಉಸಿರಿನಲ್ಲಿ, ಬೆವರಿನಲ್ಲಿ, ನಿದ್ದೆಯಲ್ಲಿ. ಹಿಮೋಗ್ಲೋಬಿನ್‌ನಲ್ಲಿ ಕಾಣುವುದಿಲ್ಲ. ಗರ್ಭಿಣಿಯಲ್ಲದ ಹೆಂಗಸಿಗೆ ಅದು 12 ಗ್ರಾಂಗಿಂತ ಕೆಳಗಿದ್ದರೆ ಕಾರಣ ಹುಡುಕಲೇಬೇಕು, ಅವಳು ಎಷ್ಟೇ ದುಃಖದಲ್ಲಿರಲಿ. ತಿಂಗಳುಗಟ್ಟಲೆ ಸರಿಯಾಗಿ ಉಣ್ಣದೇ ಹೋದರೆ ಫೋಲೇಟ್, ಕಬ್ಬಿಣ ಕಮ್ಮಿಯಾಗಿ ಇಳಿಯಬಹುದು ನಿಜ. ಆಗಲೂ ರಕ್ತಪರೀಕ್ಷೆ ಅದನ್ನೇ ತೋರಿಸುತ್ತದೆ, ಮದ್ದೂ ಸಿಗುತ್ತದೆ.

ಗೀಳಿನಂಥ ಪ್ರೀತಿಯನ್ನು ರಕ್ತದಲ್ಲೇ ಹುಡುಕಿದವರೂ ಇದ್ದಾರೆ. 1999ರಲ್ಲಿ ಇಟಲಿಯ ಪೀಸಾದಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಹೊಸದಾಗಿ ಪ್ರೀತಿಯಲ್ಲಿ ಬಿದ್ದ 20 ಜನ, ಒಸಿಡಿ ಅಂದರೆ ಗೀಳು ಕಾಯಿಲೆಯ 20 ಜನ, ಎರಡೂ ಇಲ್ಲದ 20 ಜನ. ಮಿದುಳಿನಲ್ಲಿ ಸಂದೇಶ ಒಯ್ಯುವ ಸಿರೊಟೋನಿನ್ ಎಂಬ ರಾಸಾಯನಿಕವನ್ನು ಸಾಗಿಸುವ ಪ್ರೋಟೀನ್ ಅವರ ರಕ್ತದ ಪ್ಲೇಟ್‌ಲೆಟ್‌ಗಳ ಮೇಲೆ ಎಷ್ಟಿದೆ ಎಂದು ಎಣಿಸಿದರು. ಪ್ರೇಮಿಗಳಲ್ಲೂ ಗೀಳಿನವರಲ್ಲೂ ಅದು ಒಂದೇ ರೀತಿ ಕಮ್ಮಿ ಇತ್ತು. ವರ್ಷ ಒಂದೂವರೆ ವರ್ಷ ಬಿಟ್ಟು ಕೆಲವು ಪ್ರೇಮಿಗಳನ್ನು ಮತ್ತೆ ನೋಡಿದಾಗ ಸರಿಹೋಗಿತ್ತು. ತೀರಾ ಸಣ್ಣ ಅಧ್ಯಯನ, ಅದರ ಮೇಲೆ ಮನೆ ಕಟ್ಟಬಾರದು. ಪ್ಲೇಟ್‌ಲೆಟ್ ಮಿದುಳೂ ಅಲ್ಲ. ಆದರೂ ರಕ್ತ ಹೆಪ್ಪುಗಟ್ಟಿಸುವ ಆ ಪುಟ್ಟ ಚೂರಿನ ಮೇಲೆ ಪ್ರೇಮದ ಗುರುತು ಹುಡುಕಲು ಹೊರಟರಲ್ಲ, ಆ ಕುತೂಹಲ ನನಗೆ ತುಂಬ ಹಿಡಿಸುತ್ತದೆ.

ಇನ್ನು ನಿಮ್ಮ ಮೂರನೇ ಪ್ರಶ್ನೆ. ಔಷಧದಿಂದ ಅವನ ಯೋಚನೆ ಹೋಗುವುದಿಲ್ಲ. ನಿಮಗೆ ಕೊಡುವ ಇಂಜೆಕ್ಷನ್ ಕಾಂಪ್ಲಿಮೆಂಟ್‌ನ ಸಿ5 ಎಂಬ ಒಂದು ತುಂಡನ್ನು ಹಿಡಿದು ನಿಲ್ಲಿಸುತ್ತದೆ, ಕಣಕ್ಕೆ ತೂತು ಬೀಳುವುದು ನಿಲ್ಲುತ್ತದೆ. ಅದಕ್ಕೆ ಅವನ ಹೆಸರು ಗೊತ್ತಿಲ್ಲ. ಆದರೆ ಒಂದು ಬದಲಾವಣೆ ಆಗುತ್ತದೆ, ನಾನು ಎಷ್ಟೋ ಜನರಲ್ಲಿ ನೋಡಿದ್ದೇನೆ. ಸುಸ್ತು ಇಳಿದಾಗ, ಗಂಟಲು ಬಿಟ್ಟಾಗ, ಉಳಿದದ್ದರಲ್ಲಿ ದುಃಖ ಎಷ್ಟು ಎಂದು ಮೊದಲ ಸಲ ಬೇರೆಯಾಗಿ ಕಾಣುತ್ತದೆ. ಇಷ್ಟು ದಿನ ಎರಡೂ ಒಂದರ ಮೇಲೊಂದು ಕೂತಿದ್ದವು. ದುಃಖ ನೀವಂದುಕೊಂಡಿದ್ದಕ್ಕಿಂತ ಚಿಕ್ಕದಿರಬಹುದು. ಅಷ್ಟೇ ದೊಡ್ಡದೂ ಇರಬಹುದು. ಎರಡಕ್ಕೂ ಸಿದ್ಧವಾಗಿರಿ.

ಪ್ರೀತಿಯ ಗೀಳಿಗೂ ಗೀಳು ಕಾಯಿಲೆಗೂ ವ್ಯತ್ಯಾಸ ಹೇಗೆ ತಿಳಿಯುವುದು ಎಂದು ನಿಮಗೆ ಅನಿಸಿರಬೇಕು, ನೇರವಾಗಿ ಕೇಳದಿದ್ದರೂ. ಅಕ್ಕಮಹಾದೇವಿ ಗಿಳಿಯನ್ನು ಕೇಳುತ್ತಾಳೆ, ಕೋಗಿಲೆಯನ್ನು, ತುಂಬಿಯನ್ನು, ಹಂಸೆಯನ್ನು, ನವಿಲನ್ನು ಕೇಳುತ್ತಾಳೆ, ಚೆನ್ನಮಲ್ಲಿಕಾರ್ಜುನ ಎಲ್ಲಿದ್ದಾನೆ ಎಂದು. ಪ್ರಶ್ನೆ ಒಂದೇ, ಆದರೆ ಪ್ರತಿ ಸಲ ಹೊಸ ಜೀವವೊಂದು ಅವಳ ಕಣ್ಣಿಗೆ ಬೀಳುತ್ತದೆ. ಗಿಳಿ ಓದುವುದು, ಕೋಗಿಲೆ ಸರವೆತ್ತುವುದು, ಹಂಸೆ ಕೊಳದ ತಡಿಯಲ್ಲಿ ಆಡುವುದು, ಎಲ್ಲ ಕಾಣುತ್ತದೆ. ಕಾಯಿಲೆಯ ಗೀಳಿನಲ್ಲಿ ಹೀಗಾಗುವುದಿಲ್ಲ. ಅಲ್ಲಿ ಅದೇ ಯೋಚನೆ ಅದೇ ಮಾತಿನಲ್ಲಿ ತಿರುಗುತ್ತದೆ, ಬೇಡ ಅಂದರೂ ಬರುತ್ತದೆ, ಸುತ್ತಲಿನದು ಮಸುಕಾಗುತ್ತ ಹೋಗುತ್ತದೆ. ನಿಮ್ಮ ಎರಡು ವರ್ಷದ ಹಿಂದಿನ ಪುಟವನ್ನೂ ಕಳೆದ ವಾರದ ಪುಟವನ್ನೂ ಪಕ್ಕಪಕ್ಕ ಇಟ್ಟು ಓದಿ. ಮಾತು ಬದಲಾಗಿದೆಯೇ, ಬೇರೆಯವರು ಯಾರಾದರೂ ಒಳಗೆ ಬಂದಿದ್ದಾರೆಯೇ, ಒಂದು ಮಳೆ ಬಂದಿದೆಯೇ ನೋಡಿ. ಇಲ್ಲ, ಅದೇ ಸಾಲು ಅಂದರೆ, ಅಥವಾ ದಿನದ ಕೆಲಸವೇ ಆಗುತ್ತಿಲ್ಲ, ಅವನ ಮನೆ ಮುಂದೆ ಹೋಗಿ ನಿಲ್ಲಬೇಕು ಅನಿಸುತ್ತದೆ, ಬದುಕೇ ಬೇಡ ಅನಿಸುತ್ತದೆ ಅಂದರೆ ತಡಮಾಡದೆ ಮನೋವೈದ್ಯರನ್ನು ನೋಡಿ. ರಕ್ತದ ಕಾಯಿಲೆ ಸಿಕ್ಕಿತು ಎಂದು ಮನಸ್ಸಿನದ್ದು ಸುಳ್ಳಾಗುವುದಿಲ್ಲ. ಎರಡಕ್ಕೂ ವೈದ್ಯರಿದ್ದಾರೆ, ಎರಡೂ ನಾಚಿಕೆಯ ವಿಷಯವಲ್ಲ.

ಚಿಕಿತ್ಸೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳದೆ ಬಿಡಲಾರೆ. ಸಿ5 ತಡೆಯುವ ಮೊದಲ ಔಷಧ ಎಕ್ಯುಲಿಜುಮ್ಯಾಬ್ ಬಂದದ್ದು 2007ರಲ್ಲಿ. ಈಗ ಎಂಟು ವಾರಕ್ಕೊಮ್ಮೆ ಕೊಡುವಂಥದ್ದೂ ಇದೆ, 2023ರ ಕೊನೆಗೆ ನುಂಗುವ ಔಷಧವೂ ಬಂದಿದೆ. ಎಲ್ಲವೂ ತುಂಬ ದುಬಾರಿ, ಅದನ್ನು ಸುತ್ತಿಬಳಸಿ ಹೇಳುವುದಿಲ್ಲ. ಸಿಗುವ ಸಹಾಯದ ದಾರಿಗಳನ್ನು ನಿಮ್ಮ ವೈದ್ಯರ ಹತ್ತಿರ ಮೊದಲ ದಿನವೇ ಕೇಳಿ. ಪೂರ್ತಿ ವಾಸಿಮಾಡುವುದು ಮಜ್ಜೆ ಕಸಿ ಒಂದೇ, ಅದರಲ್ಲಿ ಅಪಾಯವೂ ದೊಡ್ಡದು, ಎಲ್ಲರಿಗೂ ಬೇಕಾಗುವುದಿಲ್ಲ. ಈ ಔಷಧಗಳಲ್ಲಿದ್ದಾಗ ಮೆನಿಂಜೊಕಾಕಸ್ ಎಂಬ ಬ್ಯಾಕ್ಟೀರಿಯಾದ ಸೋಂಕು ಮಿಂಚಿನಂತೆ ಬರಬಹುದು. ತುರ್ತಿಲ್ಲದಿದ್ದರೆ ಶುರುಮಾಡುವ ಎರಡು ವಾರ ಮುಂಚೆಯೇ ಲಸಿಕೆ ಹಾಕಿಸಿಕೊಳ್ಳಬೇಕು. ಲಸಿಕೆ ಹಾಕಿಸಿಕೊಂಡಿದ್ದರೂ ಜ್ವರ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಪಿಎನ್‌ಎಚ್‌ನಲ್ಲಿ ನಾವು ಹೆಚ್ಚು ಹೆದರುವುದು ರಕ್ತ ಕಮ್ಮಿಯಾಗುವುದಕ್ಕಲ್ಲ, ಹೆಪ್ಪುಗಟ್ಟುವುದಕ್ಕೆ. ಯಕೃತ್ತಿನ ರಕ್ತನಾಳ, ಹೊಟ್ಟೆಯ ರಕ್ತನಾಳ, ಮಿದುಳಿನ ರಕ್ತನಾಳ, ಹೀಗೆ ಯಾರೂ ನಿರೀಕ್ಷಿಸದ ಜಾಗದಲ್ಲಿ ಕಟ್ಟಿಕೊಳ್ಳುತ್ತದೆ. ಹೊಟ್ಟೆ ಉಬ್ಬಿ ನೋವು ಬಂದರೆ, ಹಿಂದೆಂದೂ ಬರದಂಥ ತಲೆನೋವು ಬಂದರೆ, ಒಂದು ಕಾಲು ಊದಿದರೆ ಅದೇ ದಿನ ತೋರಿಸಿ. ಈಸ್ಟ್ರೊಜನ್ ಇರುವ ಗರ್ಭನಿರೋಧಕ ಮಾತ್ರೆ ನಿಮಗೆ ಬೇಡ. ಮುಂದೆ ಯಾವತ್ತಾದರೂ ಬಸಿರಾಗುವ ಯೋಚನೆ ಇದ್ದರೆ ಮೊದಲೇ ಮಾತಾಡಿ, ಅದಕ್ಕೂ ದಾರಿ ಇದೆ.

ಕೊನೆಗೆ ನೋಟ್‌ಬುಕ್ಕುಗಳು. ನಿಮ್ಮ ಕಾಯಿಲೆ ಯಾವಾಗ ಶುರುವಾಯಿತು ಎಂದು ನಿಮ್ಮ ವೈದ್ಯರಿಗೆ ಗೊತ್ತಿಲ್ಲ. ಹಳೆಯ ರಕ್ತಪರೀಕ್ಷೆ ಒಂದೂ ಇಲ್ಲ. ಇರುವ ದಾಖಲೆ ನೀವು ಬರೆದದ್ದೊಂದೇ. ತಾರೀಖು ಹಾಕಿದ್ದೀರಾ? ಗಂಟಲು ಬಿಗಿದ ದಿನಗಳನ್ನು ಗುರುತು ಮಾಡಿ. ಮೆಟ್ಟಿಲ ಮೇಲೆ ನಿಂತುಬಿಟ್ಟೆ ಎಂದು ಎಲ್ಲಾದರೂ ಬಂದಿದೆಯೇ ನೋಡಿ. ಬೆಳಗಿನ ಬಣ್ಣದ ಬಗ್ಗೆ, ಹೊಟ್ಟೆಯ ಹಿಂಡುವಿಕೆಯ ಬಗ್ಗೆ, ಎದ್ದೇಳಲಾಗದ ವಾರಗಳ ಬಗ್ಗೆ ಇದ್ದರೆ ಅದನ್ನೂ. ಅವನಿಂದ ದೂರವಾಗುವ ಮುಂಚಿನ ಪುಟಗಳಿದ್ದರೆ ಅವನ್ನು ಮೊದಲು ತೆರೆಯಿರಿ, ಸುಸ್ತು ಆಗಲೇ ಇತ್ತೇ ಎಂದು ಹುಡುಕಿ. ಕವಿತೆ ಯಾರಿಗೂ ತೋರಿಸಬೇಕಾಗಿಲ್ಲ, ತಾರೀಖುಗಳನ್ನು ಮಾತ್ರ ಒಂದು ಹಾಳೆಯಲ್ಲಿ ಬರೆದುಕೊಂಡು ಮುಂದಿನ ಭೇಟಿಗೆ ತೆಗೆದುಕೊಂಡು ಹೋಗಿ.